ಎಲೆ ಬರುತ್ತೆ, ಹೂ ಬರಲ್ಲ: ಮೈಸೂರಲ್ಲಿ ರುಡ್‌ಬೆಕಿಯಾ ಗಿಡದ ತೊಂದ್ರೆ ಹುಡುಕೋದು ಹೇಗೆ

ಗಿಡ ಚೆನ್ನಾಗಿದೆ, ಎಲೆ ದಪ್ಪಗಿದೆ, ರೋಗ ಇಲ್ಲ, ಹುಳ ಇಲ್ಲ, ಬೀಜ ಹಾಕಿ 11 ತಿಂಗಳಾಯ್ತು, ಆದ್ರೆ ಒಂದೇ ಒಂದು ಮೊಗ್ಗಿಲ್ಲ. ಕುವೆಂಪುನಗರದ ನಮ್ಮನೆ ಹಿತ್ತಲಲ್ಲಿ ನಾನು ಎರಡು ವರ್ಷ ಒದ್ದಾಡಿದ್ದು ಇದಕ್ಕೇ. ಗೊಬ್ಬರ ಬದಲಾಯ್ಸಿದೆ, ಮಣ್ಣು ಬದಲಾಯ್ಸಿದೆ, ಕುಂಡ ಟೆರೇಸಿಗೆ ಹತ್ತಿಸಿದೆ, ಏನೂ ಆಗ್ಲಿಲ್ಲ. ಕಾರಣ ಬೇರೆ ಕಡೆ ಇತ್ತು. ಅದನ್ನ ಕಂಡುಹಿಡಿಯೋ ಹೊತ್ತಿಗೆ ಈ ಗಿಡಕ್ಕೆ ಇಲ್ಲಿ ಇನ್ನೂ ಏನೇನು ತೊಂದ್ರೆ ಬರುತ್ತೆ ಅನ್ನೋದೂ ಗೊತ್ತಾಯ್ತು, ಅದಕ್ಕೆ ಎಲ್ಲಾ ಒಂದ್ಕಡೆ ಬರೀತಿದೀನಿ, ನನ್ನ ಹಾಗೆ ಇನ್ನೊಬ್ರು ಎರಡು ವರ್ಷ ಕಳ್ಕೊಳ್ಳೋದು ಬೇಡ.

ಗಿಡದ ಹೆಸ್ರು ರುಡ್‌ಬೆಕಿಯಾ ಹಿರ್ಟಾ. ಅಮೆರಿಕದ ಬಯಲಲ್ಲಿ ತಾನಾಗೇ ಬೆಳೆಯೋ ಕಾಡುಹೂವು, ಬ್ಲ್ಯಾಕ್ ಐಡ್ ಸೂಸನ್ ಅಂತಾರೆ, ಹಳದಿ ಎಸಳು, ನಡುವೆ ಕಪ್ಪು ಕಂದು ಗುಂಡು. ಅಲ್ಲಿನ ಮೇರಿಲ್ಯಾಂಡ್ ರಾಜ್ಯದ ಹೂವು ಇದು, 1918ರಿಂದ. ಸಾಮಾನ್ಯವಾಗಿ ಎರಡು ವರ್ಷದ ಗಿಡ: ಮೊದಲ ವರ್ಷ ನೆಲಕ್ಕಂಟಿಕೊಂಡು ಎಲೆ ಮಾತ್ರ ಚಕ್ರದ ಥರ ಹರಡುತ್ತೆ, ಹಿಮದಲ್ಲೂ ಬದುಕಿಕೊಳ್ಳುತ್ತೆ, ಎರಡನೇ ವರ್ಷ ಬೇಸಿಗೇಲಿ ಕಡ್ಡಿ ಎದ್ದು ಹೂ ಬಿಟ್ಟು ಬೀಜ ಕಟ್ಟಿ ಮುಗಿಯುತ್ತೆ. ನಾನು ಇದನ್ನ ಆರಿಸ್ಕೊಂಡಿದ್ದು ಜೇನಿಗೋಸ್ಕರ. ಹಿತ್ತಲಲ್ಲಿ ಒಂದು ತುಡುವೆ ಜೇನಿನ ಪೆಟ್ಟಿಗೆ ಇದೆ, ಜೂನಿಂದ ಆಗಸ್ಟ್‌ವರೆಗೆ ಮಳೆ ಮೋಡದಲ್ಲಿ ಅವಕ್ಕೆ ಹೂವೇ ಸಿಗಲ್ಲ, ಸಕ್ಕರೆ ಪಾಕ ಇಟ್ಟು ಉಳಿಸ್ಕೋಬೇಕು, ಆ ತಿಂಗಳುಗಳಲ್ಲಿ ತಿಂಗಳಾನುಗಟ್ಟಲೆ ಹೂ ಬಿಡೋ ಗಟ್ಟಿ ಗಿಡ ಒಂದು ಬೇಕಿತ್ತು.

ಮೊದಲನೇ ಪ್ರಶ್ನೆ, ನಿಮ್ಮತ್ರ ಇರೋದು ಅದೇ ಗಿಡನಾ?

ಇದನ್ನ ಮೊದ್ಲು ನೋಡಿ, ಯಾಕಂದ್ರೆ ಬ್ಲ್ಯಾಕ್ ಐಡ್ ಸೂಸನ್ ಅಂತ ಕೇಳಿದ್ರೆ ನಮ್ಮೂರ ನರ್ಸರಿಗಳಲ್ಲಿ ಸಾಮಾನ್ಯವಾಗಿ ಕೊಡೋದು ಬಳ್ಳಿ. ಅದು ಥನ್‌ಬರ್ಜಿಯಾ ಅಲಾಟಾ, ಕಿತ್ತಳೆ ಬಣ್ಣದ ಐದು ಎಸಳು, ನಡುವೆ ಕಪ್ಪು ತೂತು, ಬೇಲಿ ಮೇಲೆ ಹಬ್ಬುತ್ತೆ. ಆಫ್ರಿಕಾ ಕಡೆಯ ಗಿಡ, ಇದಕ್ಕೂ ಅದಕ್ಕೂ ಸಂಬಂಧವೇ ಇಲ್ಲ, ಹೆಸರು ಮಾತ್ರ ಒಂದೇ. ನನಗೂ ಮೊದ್ಲು ಒಂದ್ ಕಡೆ ಅದನ್ನೇ ಕೊಟ್ರು. ಎಲೆ ಮುಟ್ಟಿ ನೋಡಿದ್ರೆ ಗೊತ್ತಾಗುತ್ತೆ: ರುಡ್‌ಬೆಕಿಯಾ ಎಲೆ ಒರಟು, ಸೂರ್ಯಕಾಂತಿ ಎಲೆ ಮುಟ್ಟಿದ ಹಾಗೆ ಬಿರುಸಾದ ರೋಮ ಕೈಗೆ ಚುಚ್ಚುತ್ತೆ, ಹಿರ್ಟಾ ಅನ್ನೋ ಲ್ಯಾಟಿನ್ ಪದಕ್ಕೆ ರೋಮ ಇರೋದು ಅಂತಲೇ ಅರ್ಥ. ಬಳ್ಳಿಯ ಎಲೆ ಬಾಣದ ತುದಿ ಥರ ಇರುತ್ತೆ, ತೊಟ್ಟಿನ ಎರಡೂ ಕಡೆ ಸಣ್ಣ ರೆಕ್ಕೆ ಇರುತ್ತೆ. ಬಳ್ಳಿ ಬಂದಿದ್ರೆ ಅದನ್ನ ಬೇಲಿಗೆ ಹಬ್ಬಿಸಿ, ಚೆನ್ನಾಗೇ ಹೂ ಬಿಡುತ್ತೆ, ಆದ್ರೆ ಈ ಬರಹ ಅದಕ್ಕಲ್ಲ. ನಾನು ಆಮೇಲೆ ಆನ್‌ಲೈನಲ್ಲಿ ಬೀಜದ ಪ್ಯಾಕೆಟ್ ತರಿಸ್ಕೊಂಡೆ.

ಬೀಜ ಮೊಳೀತಿಲ್ಲ

ಬೀಜ ತುಂಬಾ ಸಣ್ಣದು, ಕಪ್ಪು, ಗಸಗಸೆಗಿಂತ ಸ್ವಲ್ಪ ಉದ್ದ. ಇದು ಮೊಳೆಯೋಕೆ ಬೆಳಕು ಬೇಕು, ಮಣ್ಣೊಳಗೆ ಹೂತ್ರೆ ಬರಲ್ಲ. ನಮ್ಮ ಕಡೆ ಒಟ್ಲು, ಅಂದ್ರೆ ಸಸಿ ಮಡಿ, ಬಿಟ್ಟಾದ್ಮೇಲೆ ಗೊಬ್ಬರದ ಪುಡಿ ಉದುರಿಸಿ ಭತ್ತದ ಹುಲ್ಲು ಹೊದಿಸೋದು ರೂಢಿ ಅಲ್ವಾ, ಮೆಣಸಿನಕಾಯಿಗೆ ಬದನೆಗೆ ಅದು ಸರಿ, ಇದಕ್ಕೆ ಅದೇ ತೊಂದ್ರೆ. ನನ್ನ ಮೊದಲ ಟ್ರೇ ಹಾಳಾಗಿದ್ದು ಹಾಗೇ, ಅರ್ಧ ಇಂಚು ಮಣ್ಣು ಮುಚ್ಚಿ ಮೇಲೆ ಹುಲ್ಲು ಹಾಕಿದ್ದೆ, ಮೂರು ವಾರ ಕಾದೆ, ನೂರು ಬೀಜಕ್ಕೆ ನಾಲ್ಕು ಬಂತು, ಆ ನಾಲ್ಕೂ ಟ್ರೇ ಅಂಚಲ್ಲಿ, ಹುಲ್ಲು ಸರಿದಿದ್ದ ಜಾಗದಲ್ಲಿ. ಎರಡನೇ ಸಲ ಕೋಕೋಪೀಟು (ತೆಂಗಿನ ನಾರಿನ ಪುಡಿ) ಮತ್ತೆ ಮರಳು ಬೆರೆಸಿ ಒದ್ದೆ ಮಾಡಿ, ಬೀಜ ಮೇಲೆ ಉದುರಿಸಿ, ಅಂಗೈಲಿ ಮೆಲ್ಲಗೆ ಒತ್ತಿ, ಟ್ರೇ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ ನೆರಳಿನ ಬೆಳಕಲ್ಲಿ ಇಟ್ಟೆ, ಒಂಬತ್ತನೇ ದಿನ ಹಸಿರು ಕಂಡ್ತು. ಸಾಮಾನ್ಯವಾಗಿ 7ರಿಂದ 14 ದಿನ, 20–22 ಡಿಗ್ರಿ ಇದ್ರೆ ಒಳ್ಳೇದು, ಅಂದ್ರೆ ನಮ್ಮಲ್ಲಿ ಅಕ್ಟೋಬರಿಂದ ಫೆಬ್ರವರಿ ಮಧ್ಯದವರೆಗೆ. ಏಪ್ರಿಲಲ್ಲಿ 35 ಡಿಗ್ರಿ ಬಿಸಿಲಿಗೆ ಟ್ರೇ ಇಟ್ರೆ ಒಣಗೋದೇ ಸೈ.

ಪ್ಯಾಕೆಟ್ ಮೇಲೆ ಫ್ರಿಜ್ಜಲ್ಲಿ ನಾಲ್ಕು ವಾರ ಇಡಿ ಅಂತ ಬರೆದಿತ್ತು. ಅರ್ಧ ಬೀಜ ಇಟ್ಟೆ, ಅರ್ಧ ಇಡ್ಲಿಲ್ಲ. ಫ್ರಿಜ್ಜಿಂದು ಸ್ವಲ್ಪ ಒಟ್ಟೊಟ್ಟಿಗೆ ಮೊಳೀತು, ಇನ್ನೊಂದು ಹಿಂದೆ ಮುಂದೆ ಬಂತು, ಅಷ್ಟೇ ವ್ಯತ್ಯಾಸ. ಹಾಗಾಗಿ ಒಂದೂ ಮೊಳೆದಿಲ್ಲ ಅಂದ್ರೆ ಫ್ರಿಜ್ಜನ್ನ ದೂರ್ಬೇಡಿ, ಆಳ ನೋಡಿ. ಆಮೇಲೆ ಇರುವೆ ನೋಡಿ, ಮೇಲೇ ಉದುರಿಸಿರೋದ್ರಿಂದ ಹೊತ್ಕೊಂಡು ಹೋಗ್ತವೆ, ಟ್ರೇಯನ್ನ ನೀರಿರೋ ತಟ್ಟೆ ಮಧ್ಯ ಇಟ್ಟಿಗೆ ಮೇಲೆ ಇಟ್ರೆ ಸಾಕು.

ಗಿಡ ಇದ್ದಕ್ಕಿದ್ದ ಹಾಗೆ ಬಾಡ್ತಿದೆ

ಸಸಿ ಜಾಸ್ತಿ ಆಗಿದ್ದಕ್ಕೆ ಇಪ್ಪತ್ತು ಗಿಡ ಪಾಂಡವಪುರದ ಹತ್ರ ನಮ್ಮಣ್ಣನ ತೋಟಕ್ಕೆ ಕೊಟ್ಟಿದ್ದೆ. ಅಲ್ಲಿ ನಾಲೆ ನೀರು, ಭತ್ತ ಕಬ್ಬಿನ ಭೂಮಿ, ಮಣ್ಣು ಜಿಗುಟು, ಒಂದು ಸಲ ನೀರು ಬಿಟ್ರೆ ನಾಲ್ಕು ದಿನ ಕಾಲು ಹೂಳುತ್ತೆ. ಒಂದೂವರೆ ತಿಂಗಳಿಗೆ ಫೋನ್ ಬಂತು, "ನಿನ್ ಗಿಡ ಮಧ್ಯಾನ ಆದ್ರೆ ತಲೆ ಬಗ್ಗಿಸ್ತವೆ ಕಣವ್ವ, ನೀರ್ ಬುಟ್ರೂ ಏಳ್ತಾ ಇಲ್ಲ." ಅಲ್ಲೇ ಇದೆ ನೋಡಿ ಸುಳಿವು, ಬಾಡಿದ ಗಿಡಕ್ಕೆ ನೀರು ಕೊಟ್ರೂ ಏಳ್ತಿಲ್ಲ ಅಂದ್ರೆ ನೀರು ಕಮ್ಮಿ ಆಗಿರೋದಲ್ಲ, ಬೇರು ನೀರು ಎಳೀತಿಲ್ಲ ಅಂತ. ಮಧ್ಯಾಹ್ನ ಬಾಡಿ ಸಂಜೆ ತಾನಾಗೇ ಎದ್ರೆ ಅದು ಬರೀ ಬಿಸಿಲು, ಬಿಟ್ಬಿಡಿ. ಬೆಳಗ್ಗೆ ಆರು ಗಂಟೆಗೂ ತಲೆ ಬಗ್ಗಿಸೇ ಇದ್ರೆ ಒಂದು ಗಿಡ ಕಿತ್ತು ನೋಡ್ಲೇಬೇಕು, ಮನಸ್ಸು ಬರಲ್ಲ, ಆದ್ರೂ ಒಂದು ಕೀಳಿ, ಉಳಿದವು ಉಳೀತವೆ.

ನಾನು ಭಾನುವಾರ ಹೋಗಿ ಎರಡು ಕಿತ್ತೆ. ಒಂದರ ಬೇರು ಕಂದಾಗಿ, ಬೆರಳಲ್ಲಿ ಎಳೆದ್ರೆ ಮೇಲಿನ ಸಿಪ್ಪೆ ಕಳಚಿ ಒಳಗಿನ ದಾರ ಮಾತ್ರ ಉಳೀತಿತ್ತು, ಕೊಳೆತ ವಾಸನೆ. ಇದು ನೀರು ನಿಂತು ಬೇರು ಕೊಳೆತಿರೋದು. ಇನ್ನೊಂದರ ಬೇರು ಪರವಾಗಿಲ್ಲ, ಆದ್ರೆ ಮಣ್ಣಿಗೆ ತಾಗೋ ಕುತ್ತಿಗೆ ಸುತ್ತ ಬಿಳೀ ದಾರದಂಥ ಬೂಷ್ಟು, ಅದರ ಮೇಲೆ ಸಾಸಿವೆ ಕಾಳಿನ ಹಾಗೆ ಕಂದು ಉಂಡೆಗಳು. ಅದು ಸ್ಕ್ಲೆರೋಶಿಯಂ ಅನ್ನೋ ಶಿಲೀಂಧ್ರ, ಕಡಲೆಕಾಯಿ, ಟೊಮ್ಯಾಟೊ ಬೆಳೆಯೋರು ಇದನ್ನ ನೋಡಿರ್ತಾರೆ. ಎರಡಕ್ಕೂ ಕಾರಣ ತೇವ ಅಂತ ಕಂಡ್ರೂ ಮಾಡೋ ಕೆಲಸ ಬೇರೆ. ಮೊದಲನೇದಕ್ಕೆ ನೀರು ಬಿಡೋದು ನಿಲ್ಲಿಸಿ, ಗಿಡ ಏರುಮಡಿಗೆ ಹಾಕಿದ್ರೆ ಮುಗೀತು. ಎರಡನೇದರಲ್ಲಿ ಗಿಡವನ್ನ ಸುತ್ತಲಿನ ಒಂದು ಬೊಗಸೆ ಮಣ್ಣಿನ ಸಮೇತ ತೆಗೆದು ದೂರ ಹಾಕ್ಬೇಕು, ತಿಪ್ಪೆಗೆ ಹಾಕ್ಲೇಬಾರ್ದು, ಆ ಕಾಳುಗಳು ಮಣ್ಣಲ್ಲಿ ವರ್ಷಗಟ್ಟಲೆ ಬದುಕಿರ್ತವೆ, ಗೊಬ್ಬರದ ಜೊತೆ ಇಡೀ ಹೊಲಕ್ಕೆ ಹೋಗುತ್ತೆ. ಅಣ್ಣ ಆಗ್ಲೇ ಮೂರು ಗಿಡ ತಿಪ್ಪೆಗೆ ಎಸೆದಿದ್ದ, ವಾಪಸ್ ಹುಡುಕಿ ತೆಗೆಸಿ ಸುಟ್ವಿ.

ಉಳಿದ ಗಿಡಗಳನ್ನ ಒಂದು ಅಡಿ ಎತ್ತರದ ಮಡಿ ಮಾಡಿ, ಮರಳು ಮತ್ತೆ ಟ್ರೈಕೋಡರ್ಮ (ರೋಗದ ಬೂಷ್ಟನ್ನ ತಡೆಯೋ ಒಳ್ಳೆ ಶಿಲೀಂಧ್ರ) ಬೆರೆಸಿ ಎರಡು ವಾರ ನೆರಳಲ್ಲಿ ಇಟ್ಟಿದ್ದ ಕೊಟ್ಟಿಗೆ ಗೊಬ್ಬರ ಹಾಕಿ ನೆಟ್ವಿ, ಎಲೆ ಚಕ್ರದ ನಡುಭಾಗ ಮಣ್ಣಿಗಿಂತ ಮೇಲೇ ಇರೋ ಹಾಗೆ. ಅದು ಮುಖ್ಯ, ನಡು ಹೂತುಹೋದ್ರೆ ಮಳೆ ನೀರು ಅಲ್ಲೇ ನಿಂತು ಕೊಳೆಯುತ್ತೆ. ಇಪ್ಪತ್ತರಲ್ಲಿ ಹನ್ನೊಂದು ಉಳೀತು. ಮೈಸೂರಿನ ಕೆಮ್ಮಣ್ಣಲ್ಲಿ ಈ ಕಾಟ ಕಮ್ಮಿ, ನೀರು ಬೇಗ ಇಳಿಯುತ್ತೆ, ನನ್ನ ಹಿತ್ತಲಲ್ಲಿ ಒಂದೇ ಗಿಡ ಹೋಗಿದ್ದು, ಅದೂ ಪಾತ್ರೆ ತೊಳೆಯೋ ನೀರು ಹೋಗೋ ಜಾಗದಲ್ಲಿ ಇತ್ತು.

ಎಲೆ ಮೇಲೆ ಬಿಳಿ, ಎಲೇಲಿ ತೂತು

ಬಿಳೀ ಪುಡಿ ಬೆರಳಲ್ಲಿ ಒರೆಸಿದ್ರೆ ಹೋದ್ರೆ ಬೂದಿ ರೋಗ, ನವೆಂಬರಿಂದ ಫೆಬ್ರವರಿ ತನಕ ಬೆಳಗಿನ ಮಂಜಿಗೆ ಬರುತ್ತೆ. ಒರೆಸಿದ್ರೂ ಹೋಗ್ದೇ ಇದ್ರೆ ಬೋರ್‌ವೆಲ್ ನೀರಿನ ಸುಣ್ಣದ ಕಲೆ, ಮೇಲಿಂದ ನೀರು ಚಿಮುಕಿಸೋದು ನಿಲ್ಲಿಸಿ ಅಷ್ಟೇ. ಬೂದಿ ರೋಗಕ್ಕೆ ಗಿಡದಿಂದ ಗಿಡಕ್ಕೆ ಒಂದರಿಂದ ಒಂದೂವರೆ ಅಡಿ ಜಾಗ ಬಿಟ್ಟು, ಬೆಳಗ್ಗೆ ಬುಡಕ್ಕೆ ಮಾತ್ರ ನೀರು ಹಾಕಿ, ಕೆಳಗಿನ ಕೆಟ್ಟ ಎಲೆ ಕಿತ್ತು, ಒಂದು ಪಾಲು ಹಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ವಾರಕ್ಕೊಂದು ಸಲ ಬಿಸಿಲು ಬರೋ ಮುಂಚೆ ಸಿಂಪಡಿಸಿದೆ, ಹತೋಟಿಗೆ ಬಂತು. ಗಂಧಕದ ಪುಡಿನೂ ಕೆಲಸ ಮಾಡುತ್ತೆ, ಬಿಸಿಲು ಜೋರಿದ್ದಾಗ ಎಲೆ ಸುಡುತ್ತೆ. ಯಾವುದೇ ಸಿಂಪಡಣೆ, ಬೇವಿನ ಎಣ್ಣೆ ಆದ್ರೂ ಸರಿ, ಹೂ ಬಿಟ್ಟ ಮೇಲೆ ಹೂವಿನ ಮೇಲೆ ಬೀಳಬಾರ್ದು, ಸಂಜೆ ಜೇನು ಗೂಡಿಗೆ ಹೋದ ಮೇಲೇ ಮಾಡಿ. ಜೇನಿಗೆ ಅಂತ ಬೆಳೆಸಿ ಜೇನಿಗೇ ವಿಷ ಇಡೋ ಹಾಗಾಗ್ಬಾರ್ದು, ಇದನ್ನ ನಾನು ಕೈಮುಗಿದು ಕೇಳ್ತೀನಿ.

ರಾತ್ರಿ ಕಳೆದು ಬೆಳಗಾಗೋದ್ರಲ್ಲಿ ಎಲೆ ಅರ್ಧ ಇಲ್ಲ, ಪಕ್ಕದಲ್ಲಿ ಮಿರುಗೋ ಲೋಳೆಯ ಗೆರೆ ಇದೆ ಅಂದ್ರೆ ಬಸವನಹುಳು. ಮಳೆಗಾಲದಲ್ಲಿ ಟಾರ್ಚ್ ಹಿಡ್ಕೊಂಡು ಹೋಗಿ ಆರಿಸಿ ಉಪ್ಪು ನೀರಿಗೆ ಹಾಕೋದಕ್ಕಿಂತ ಒಳ್ಳೆ ದಾರಿ ನನಗೆ ಸಿಕ್ಕಿಲ್ಲ. ಇನ್ನೊಂದು, ಕಳೆ ಕೀಳೋಕೆ ಬರೋರಿಗೆ ಗಿಡ ತೋರಿಸಿ ಹೇಳಿ. ಹೂವಿಲ್ಲದ ಎಲೆ ಚಕ್ರ ನೋಡಿ ಕಳೆ ಅಂತ ಕಿತ್ತು ಹಾಕ್ತಾರೆ, ನನ್ನ ಆರು ಗಿಡ ಹೋಗಿದ್ದು ಹಾಗೇ, ಈಗ ಪ್ರತಿ ಗಿಡದ ಪಕ್ಕ ಬಿದಿರು ಕಡ್ಡಿ ಚುಚ್ಚಿರ್ತೀನಿ.

ಈಗ ನಿಜವಾದ ತೊಂದ್ರೆ, ಹೂವೇ ಬರಲ್ಲ

ಎಲ್ರೂ ಮೊದಲು ಹೇಳೋದು ಗೊಬ್ಬರ. ಸಾರಜನಕ ಜಾಸ್ತಿ ಆದ್ರೆ ಎಲೆ ಕೊಬ್ಬುತ್ತೆ, ಹೂ ಬರಲ್ಲ ಅಂತ. ಮಾತು ಸುಳ್ಳಲ್ಲ, ಹಾಗಾಗಿ ನಾನೂ ಅಲ್ಲಿಂದಲೇ ಶುರು ಮಾಡ್ದೆ, ಮೂರು ಕುಂಡಕ್ಕೆ ಗೊಬ್ಬರ ಪೂರ್ತಿ ನಿಲ್ಲಿಸಿದೆ, ಮೂರಕ್ಕೆ ಬೂದಿ ಮತ್ತೆ ಮೂಳೆ ಪುಡಿ ಹಾಕಿದೆ, ಮೂರನ್ನ ಹಾಗೇ ಬಿಟ್ಟೆ. ಮೂರು ತಿಂಗಳಾದ್ರೂ ಒಂಬತ್ತೂ ಒಂದೇ ಥರ. ಆಮೇಲೆ ಬಿಸಿಲು ಸಾಲ್ದು ಅಂದ್ಕೊಂಡು ಟೆರೇಸಿಗೆ ಹತ್ತಿಸಿದೆ, ಬೆಳಗ್ಗಿಂದ ಸಂಜೆವರೆಗೆ ಬಿಸಿಲು, ಎಲೆ ಇನ್ನಷ್ಟು ದಪ್ಪ ಆಯ್ತು, ಮೊಗ್ಗಿಲ್ಲ.

ಆಮೇಲೆ ಚಳಿ ಸಾಲ್ದು ಅಂತ ನಂಬ್ಕೊಂಡೆ, ಈ ನಂಬಿಕೇಲೇ ಬಹಳ ಕಾಲ ಕಳೀತು. ಯಾಕಂದ್ರೆ ಎರಡು ವರ್ಷದ ಗಿಡಗಳ ಸ್ವಭಾವ ನಮಗೆ ತರಕಾರಿಯಿಂದ ಗೊತ್ತು. ಎಲೆಕೋಸು, ಕ್ಯಾರೆಟ್, ಬೀಟ್‌ರೂಟ್ ಇವೆಲ್ಲಾ ಎರಡು ವರ್ಷದವೇ, ವಾರಗಟ್ಟಲೆ ಒಳ್ಳೆ ಚಳಿ ಬಿದ್ದ ಮೇಲೇ ಹೂ ಕಡ್ಡಿ ಎತ್ತೋದು. ಮಂಡ್ಯದ ಹೊಲದಲ್ಲಿ ಎಲೆಕೋಸು ಬಿಟ್ರೆ ಗಡ್ಡೆ ಒಡೆದು ಕೊಳೆಯುತ್ತೆ ಹೊರ್ತು ಹೂವಾಗೋದು ಯಾರೂ ನೋಡಲ್ಲ, ಕೋಸಿನ ಬೀಜ ಮಾಡೋದು ಹಿಮಾಚಲ, ಕಾಶ್ಮೀರದ ಕಡೆ. ಮೈಸೂರಲ್ಲಿ ಡಿಸೆಂಬರ್ ರಾತ್ರಿ ಅಂದ್ರೂ ಸಾಮಾನ್ಯವಾಗಿ 16 ಡಿಗ್ರಿ ಆಸುಪಾಸು. ಇಲ್ಲಿಗೆ ಈ ಗಿಡ ಆಗಲ್ಲ, ಊಟಿಗೆ ಕಳಿಸ್ಬೇಕು ಅಂತ ನಿರ್ಧಾರ ಮಾಡಿ, ಜಾಗ ಖಾಲಿ ಮಾಡೋಕೆ ಜೂನಲ್ಲಿ ಎರಡು ಕುಂಡ ತಗೊಂಡು ಗೇಟ್ ಆಚೆ ಇಟ್ಟೆ, ಬೇಕಾದೋರು ಒಯ್ಯಲಿ ಅಂತ. ಯಾರೂ ಒಯ್ಯಲಿಲ್ಲ.

ಆಗಸ್ಟ್ ಕೊನೇಲಿ, ಗೌರಿ ಹಬ್ಬದ ಸಾಮಾನು ತರೋಕೆ ಹೊರಟವಳು ಗೇಟ್ ಹತ್ರ ನಿಂತ್ಬಿಟ್ಟೆ. ಎರಡೂ ಕುಂಡದಲ್ಲಿ ಮೊಣಕಾಲೆತ್ತರ ಕಡ್ಡಿ ಎದ್ದಿದೆ, ಒಂದರಲ್ಲಿ ಹೂ ಅರಳಿದೆ! ಅದೇ ಬೀಜ, ಅದೇ ಮಣ್ಣು, ಅದೇ ಚಳಿ ಇಲ್ಲದ ಊರು, ಹಿತ್ತಲಲ್ಲಿ ಉಳಿದ ಗಿಡಗಳಲ್ಲಿ ಮಾತ್ರ ಏನೂ ಇಲ್ಲ. ಗೇಟ್ ಹತ್ರ ಇದ್ದು ಹಿತ್ತಲಲ್ಲಿ ಇಲ್ದೇ ಇರೋದು ಏನು ಅಂತ ಎರಡು ದಿನ ತಲೆ ಕೆರ್ಕೊಂಡೆ, ಮೂರನೇ ದಿನ ರಾತ್ರಿ ಕಸದ ಬಕೆಟ್ ಇಡೋಕೆ ಹೋದಾಗ ಕಣ್ಣಿಗೆ ಬಿತ್ತು, ಬೀದಿ ದೀಪ. ಸರಿಯಾಗಿ ಕುಂಡಗಳ ತಲೆ ಮೇಲೆ, ರಾತ್ರಿಯಿಡೀ.

ಕಾರಣ ಇಷ್ಟು. ರುಡ್‌ಬೆಕಿಯಾ ಹೂ ಕಟ್ಟೋದು ಹಗಲು ಉದ್ದ ಇದ್ದಾಗ, ಸುಮಾರು 14 ಗಂಟೆ ಮೇಲೆ. ಅದರ ತವರು ಮೇರಿಲ್ಯಾಂಡಲ್ಲಿ ಜೂನ್ ತಿಂಗಳ ಹಗಲು ಹೆಚ್ಚೂಕಮ್ಮಿ 15 ಗಂಟೆ. ನಮ್ಮ ಮೈಸೂರು ಇರೋದು 12 ಡಿಗ್ರಿ ಅಕ್ಷಾಂಶದಲ್ಲಿ, ವರ್ಷದ ಅತಿ ಉದ್ದದ ಹಗಲು ಅಂದ್ರೂ 12 ಗಂಟೆ 50 ನಿಮಿಷದ ಆಸುಪಾಸು, ಡಿಸೆಂಬರಲ್ಲಿ 11 ಗಂಟೆ 25 ನಿಮಿಷ ಅಷ್ಟೇ. ಗಿಡ ಕಾಯ್ತಾನೇ ಇರುತ್ತೆ, ಬೇಸಿಗೆ ಬಂತು ಅಂತ ಅದಕ್ಕೆ ಗೊತ್ತೇ ಆಗಲ್ಲ. ಗಿಡಗಳು ಹಗಲಿನ ಉದ್ದ ನೋಡಿ ಹೂ ಬಿಡ್ತವೆ ಅನ್ನೋದನ್ನ 1920ರಲ್ಲಿ ಗಾರ್ನರ್ ಮತ್ತೆ ಅಲ್ಲಾರ್ಡ್ ಅನ್ನೋ ಇಬ್ರು ಅಮೆರಿಕದ ವಿಜ್ಞಾನಿಗಳು ಪ್ರಕಟ ಮಾಡಿದ್ರು, ಅವರಿಗೆ ದಾರಿ ತೋರಿಸಿದ್ದು ಹೂವೇ ಬಿಡದೆ ಎತ್ತರಕ್ಕೆ ಬೆಳೀತಿದ್ದ ಒಂದು ಹೊಗೆಸೊಪ್ಪಿನ ತಳಿ, ಅದರ ಹೆಸರು ಮೇರಿಲ್ಯಾಂಡ್ ಮ್ಯಾಮತ್. ಅದಕ್ಕೆ ಬೇಕಾಗಿದ್ದು ಕಮ್ಮಿ ಹಗಲು, ಇದಕ್ಕೆ ಬೇಕಾಗಿರೋದು ಜಾಸ್ತಿ ಹಗಲು. ಗಿಡ ನಿಜವಾಗಿ ಅಳೆಯೋದು ಕತ್ತಲನ್ನ. ಉದ್ದದ ಕತ್ತಲನ್ನ ನಡುರಾತ್ರಿ ಸ್ವಲ್ಪ ಹೊತ್ತು ಬೆಳಕು ಹಾಕಿ ಎರಡು ತುಂಡು ಮಾಡಿದ್ರೆ ಎರಡು ಸಣ್ಣ ರಾತ್ರಿ ಅಂದ್ಕೊಂಡು ಹೂ ಕಟ್ಟೋಕೆ ಶುರು ಮಾಡುತ್ತೆ.

ನಂಬಿಕೆ ಆಗ್ಲಿಲ್ಲ, ಪರೀಕ್ಷೆ ಮಾಡೇಬಿಡೋಣ ಅಂತ ಸೆಪ್ಟೆಂಬರ್ ಮಧ್ಯದಲ್ಲಿ ಹಿತ್ತಲಲ್ಲಿ ಉಳಿದ ಒಂಬತ್ತು ಗಿಡದಲ್ಲಿ ನಾಲ್ಕನ್ನ ಒಂದ್ಕಡೆ ಜೋಡಿಸಿ, ಮೂರೂವರೆ ಅಡಿ ಮೇಲೆ 9 ವ್ಯಾಟಿನ ಹಳದಿ ಬೆಳಕಿನ ಎಲ್‌ಇಡಿ ಬಲ್ಬು ನೇತುಹಾಕಿ, ಟೈಮರ್ ಹಾಕಿ ರಾತ್ರಿ 10ರಿಂದ 2 ಗಂಟೆವರೆಗೆ ಮಾತ್ರ ಉರಿಸಿದೆ. ಐದು ಗಿಡ ಮನೆಯ ಇನ್ನೊಂದು ಪಕ್ಕ, ಕತ್ತಲಲ್ಲಿ. ನೀರು ಗೊಬ್ಬರ ಎಲ್ಲಾ ಒಂದೇ. ಐದನೇ ವಾರಕ್ಕೆ ಬಲ್ಬಿನ ಕೆಳಗಿನ ನಾಲ್ಕರಲ್ಲೂ ನಡುವಿಂದ ಕಡ್ಡಿ ಎದ್ದಿತು, ಡಿಸೆಂಬರ್ ಮೊದಲ ವಾರ ಮೊದಲ ಹೂವು. ಕತ್ತಲಲ್ಲಿದ್ದ ಐದೂ ಹಾಗೇ ಎಲೆ ಚಕ್ರ. ಅವತ್ತು ನನಗಾದ ಸಂತೋಷ ಹೇಳೋಕಾಗಲ್ಲ.

ಆದ್ರೆ ಇದರಲ್ಲಿ ಒಂದು ಅನಾಹುತ ಆಯ್ತು, ಅದನ್ನ ಹೇಳ್ಲೇಬೇಕು. ಆ ಬಲ್ಬಿನ ಬೆಳಕು ಬೀಳೋ ಜಾಗದಲ್ಲೇ ನಮ್ಮತ್ತೆಯವರ ಸೇವಂತಿಗೆ ಕುಂಡಗಳಿದ್ವು, ಪ್ರತಿ ವರ್ಷ ದೀಪಾವಳಿಗೆ ಅಂತ ಬೆಳೆಸ್ತಾರೆ. ಹಬ್ಬ ಹತ್ರ ಬಂದ್ರೂ ಒಂದು ಮೊಗ್ಗಿಲ್ಲ. "ಕಾಂಪೌಂಡ್ ಹತ್ರ ಇರೋವು ಮೊಗ್ಗು ಬಿಟ್ಟಿವೆ, ಇವಕ್ಕೇನಾಗಿದೆ ನೋಡಮ್ಮ, ಗೊಬ್ಬರ ಕಮ್ಮಿ ಆಯ್ತೇನೋ" ಅಂದ್ರು. ಗೊಬ್ಬರ ಅಲ್ಲ, ನನ್ನ ಬಲ್ಬು. ಸೇವಂತಿಗೆ ಪೂರ್ತಿ ಉಲ್ಟಾ, ಅದಕ್ಕೆ ಉದ್ದದ ಕತ್ತಲು ಸಿಕ್ಕಿದ್ರೇನೇ ಹೂವು, ಕೋಲಾರ ಚಿಕ್ಕಬಳ್ಳಾಪುರದ ಕಡೆ ರಾತ್ರಿ ಹೊಲದ ತುಂಬ ಬಲ್ಬು ಉರಿಸ್ತಾರಲ್ಲ, ಅದು ಸೇವಂತಿಗೆ ಬೇಗ ಹೂ ಬಿಡದೆ ಮೊದಲು ಎತ್ತರ ಬೆಳೀಲಿ ಅಂತ. ನಾನು ಗೊತ್ತಿಲ್ಲದೆ ಅದನ್ನೇ ಮಾಡಿದ್ದೆ. ವಿಷಯ ಹೇಳಿ ಕ್ಷಮೆ ಕೇಳ್ದೆ, ಆ ವರ್ಷ ಹಬ್ಬಕ್ಕೆ ದೇವರಾಜ ಮಾರ್ಕೆಟ್ಟಿಂದ ಹೂ ತಂದ್ವಿ. ನವೆಂಬರಲ್ಲಿ ಆ ಕುಂಡಗಳನ್ನ ಕತ್ತಲ ಕಡೆಗೆ ಸರಿಸಿದ ಮೇಲೆ ಮೊಗ್ಗು ಬಂದು ಸಂಕ್ರಾಂತಿಗೆ ಅರಳಿದ್ವು. ನಿಮ್ಮ ಹಿತ್ತಲಲ್ಲಿ ಸೇವಂತಿಗೆ ಇದ್ರೆ, ಪಕ್ಕದ ಮನೆಯವರದ್ದಾದ್ರೂ ಸರಿ, ಬೆಳಕು ಅಲ್ಲಿಗೆ ಹೋಗದ ಹಾಗೆ ಬಲ್ಬಿಗೆ ತಗಡಿನ ಮುಚ್ಚಳ ಹಾಕಿ ಕೆಳಕ್ಕೆ ಮಾತ್ರ ಬೀಳೋ ಹಾಗೆ ಮಾಡಿ.

ಬಲ್ಬು ಹಾಕೋ ಮುಂಚೆ ಗಿಡಕ್ಕೆ ಎಂಟು ಹತ್ತು ಎಲೆ ಇರ್ಬೇಕು, ಚಿಕ್ಕ ಸಸಿಗೆ ಹಾಕಿದ್ರೆ ಸುಮ್ನೆ ಕರೆಂಟ್ ಖರ್ಚು. ಗಿಡದ ಹತ್ರ ಕೂತು ಪೇಪರ್ ಓದೋಷ್ಟು ಬೆಳಕಿದ್ರೆ ಸಾಕು. ಕಡ್ಡಿ ಎದ್ದ ತಕ್ಷಣ ಬಲ್ಬು ತೆಗೀಬೇಡಿ, ಮೊಗ್ಗು ಕಣ್ಣಿಗೆ ಕಾಣೋವರೆಗೆ ಬಿಡಿ, ಕಂಡ ಮೇಲೆ ಒಂದು ದಿನವೂ ಜಾಸ್ತಿ ಬೇಡ, ಯಾಕಂದ್ರೆ ರಾತ್ರಿ ಬೆಳಕಿಗೆ ಪತಂಗಗಳು ಬಂದು ಸುತ್ತಿ ಸುತ್ತಿ ಸಾಯ್ತವೆ, ಅವೂ ಹೂವಿಗೆ ಬರೋ ಜೀವಗಳೇ. ಬಿಳೀ ಬೆಳಕಿಗೆ ಇನ್ನೂ ಜಾಸ್ತಿ ಬರ್ತವೆ, ಅದಕ್ಕೇ ಹಳದಿ ಬಲ್ಬು. ಕುಳ್ಳ ತಳಿಗಳು ಕೆಲವು ಜೂನ್ ಹಗಲಲ್ಲೇ ಒಂದೆರಡು ಹೂ ಬಿಡಬಹುದು, ನನ್ನದು ಎತ್ತರದ ಕಾಡು ಥರದ್ದು, ಬಲ್ಬಿಲ್ದೆ ಬರ್ಲೇ ಇಲ್ಲ.

ಬಲ್ಬು ಟೈಮರ್ ಇದೆಲ್ಲಾ ಬೇಡ, ಜೇನಿಗೆ ಹೂ ಆದ್ರೆ ಸಾಕು ಅನ್ನೋರಿಗೆ ನನ್ನ ಸಲಹೆ ಹುಚ್ಚೆಳ್ಳು. ರಾಗಿ ಹೊಲದ ಅಕ್ಕಡಿ ಸಾಲಲ್ಲಿ ನಮ್ಮ ತಾತಂದಿರು ಹಾಕ್ತಿದ್ದ ಅದೇ ಹುಚ್ಚೆಳ್ಳು, ಇದರ ಕುಟುಂಬದ್ದೇ, ಹಗಲು ಕಮ್ಮಿ ಆದಾಗ ಹೂ ಬಿಡುತ್ತೆ, ಅಕ್ಟೋಬರ್ ನವೆಂಬರಲ್ಲಿ ಅದರ ಮೇಲೆ ಬರೋ ಜೇನು ನೋಡೋದೇ ಒಂದು ಚೆಂದ. ಕಾಮಕಸ್ತೂರಿ, ತುಳಸಿನೂ ಒಳ್ಳೇದು. ನನಗೆ ಬೇಕಾಗಿದ್ದು ಮಳೆಗಾಲದ ಹೂವು, ಹುಚ್ಚೆಳ್ಳು ಆಗ ಇರಲ್ಲ, ಅದಕ್ಕೆ ಇಷ್ಟು ಹಠ.

ಹೂ ಬಂತು, ಜೇನು ಬರ್ಲಿಲ್ಲ

ಇದಕ್ಕೆ ಸಾಮಾನ್ಯ ಕಾರಣ ತಳಿ. ಎಸಳು ಮೇಲೆ ಎಸಳು ತುಂಬಿರೋ ಡಬಲ್ ಹೂವಲ್ಲಿ ನಡುವಿನ ಗುಂಡು ಮುಚ್ಚಿಹೋಗಿರುತ್ತೆ, ಜೇನಿಗೆ ಊಟ ಇರೋದು ಅಲ್ಲೇ. ಒಂಟಿ ಸುತ್ತಿನ ಎಸಳಿರೋ ತಳಿನೇ ತರಿಸಿ. ಆ ಕಪ್ಪು ಗುಂಡು ಒಂದು ಹೂವಲ್ಲ, ನೂರಾರು ಚಿಕ್ಕ ಹೂವಿನ ಗೊಂಚಲು, ಹೊರಗಿನ ಸುತ್ತಿಂದ ಒಳಕ್ಕೆ ದಿನಕ್ಕಿಷ್ಟು ಅಂತ ಅರಳ್ತಾ ಹೋಗುತ್ತೆ, ಹಾಗಾಗಿ ಅರಳಿದ ಮೊದಲ ದಿನ ಜೇನು ಬರ್ಲಿಲ್ಲ ಅಂತ ಬೇಜಾರಾಗ್ಬೇಡಿ, ಹಳದಿ ಪರಾಗದ ಉಂಗುರ ಕಾಣೋವರೆಗೆ ಕಾಯಿರಿ. ನಮಗೆ ಎಸಳು ಪೂರ್ತಿ ಹಳದಿ, ಜೇನಿಗೆ ಹಾಗಲ್ಲ, ಅದಕ್ಕೆ ಅತಿನೇರಳೆ ಬೆಳಕೂ ಕಾಣುತ್ತೆ, ಎಸಳಿನ ಬುಡದಲ್ಲಿ ಆ ಬೆಳಕನ್ನ ಹೀರೋ ಬಣ್ಣ ಇರೋದ್ರಿಂದ ನಡುವೆ ದೊಡ್ಡ ಕಪ್ಪು ವೃತ್ತ ಕಾಣುತ್ತೆ, ಇಲ್ಲಿ ಇಳಿ ಅಂತ ಗುರುತು ಹಾಕಿದ ಹಾಗೆ. 1972ರಲ್ಲಿ ಥಾಮಸ್ ಐಸ್ನರ್ ಮತ್ತೆ ಜೊತೆಗಾರರು ಇದೇ ಹೂವಿನ ಎಸಳಲ್ಲಿ ಆ ಬಣ್ಣದ ವಸ್ತುಗಳನ್ನ ಗುರುತಿಸಿದ್ರು.

ನಮ್ಮನೇಲಿ ಮೊದಲು ಬಂದಿದ್ದು ಕೋಲುಜೇನು, ಆಮೇಲೆ ನಸರಿ, ನಮ್ಮ ಪೆಟ್ಟಿಗೆಯ ತುಡುವೆ ಬಂದಿದ್ದು ನಾಲ್ಕೈದು ದಿನ ಬಿಟ್ಟು. ಎರಡೇ ಗಿಡ ಇದ್ರೆ ತುಡುವೆ ತಲೆ ಕೆಡಿಸ್ಕೊಳ್ಳಲ್ಲ, ಹತ್ತು ಹನ್ನೆರಡು ಗಿಡ ಗುಂಪಾಗಿ ಒಂದೇ ಕಡೆ ಇದ್ರೆ ಬರುತ್ತೆ. ಮಳೆ ನಿಂತು ಬಿಸಿಲು ಬಿದ್ದ ಅರ್ಧ ಗಂಟೇಲಿ ನೋಡಿ, ಬೆಳಗ್ಗೆ ಒದ್ದೆ ಹೂವಲ್ಲಿ ಹುಡುಕಿದ್ರೆ ಕಾಣಲ್ಲ.

ಈ ವರ್ಷ ಲೆಕ್ಕ ಹಾಕಿ ಜನವರಿ ಕೊನೇಲಿ ಟ್ರೇಗೆ ಹಾಕ್ದೆ, ಏಪ್ರಿಲ್ ಎರಡನೇ ವಾರ ಬಲ್ಬು, ಜೂನ್ ಕೊನೇಲಿ ಹೂವು, ಸೆಪ್ಟೆಂಬರ್‌ವರೆಗೆ ಬಿಡ್ತಾನೇ ಇತ್ತು, ಬಾಡಿದ ಹೂ ಚಿವುಟ್ತಾ ಇದ್ರೆ ಮತ್ತೆ ಮತ್ತೆ ಬರುತ್ತೆ. ಆಮೇಲೆ ಗಿಡ ಒಣಗೋಕೆ ಶುರು ಆದ್ರೆ ರೋಗ ಅಂತ ಹೆದರಿ ಔಷಧಿ ಹೊಡೀಬೇಡಿ, ಅದರ ಆಯಸ್ಸೇ ಅಷ್ಟು. ಕೊನೆಯ ಹೂಗಳನ್ನ ಚಿವುಟದೆ ಬಿಟ್ಟು, ಗುಂಡು ಒಣಗಿ ಬೂದು ಬಣ್ಣಕ್ಕೆ ಬಂದಾಗ ಕತ್ತರಿಸಿ, ಪೇಪರ್ ಕವರಲ್ಲಿ ಒಂದು ವಾರ ಇಟ್ಟು ಉಜ್ಜಿದ್ರೆ ಬೀಜ ಉದುರುತ್ತೆ. ಬೀಜ ಜಾಸ್ತಿ ಇದೆ ಅಂತ ಚಾಮುಂಡಿ ಬೆಟ್ಟದ ಕಡೆ ವಾಕಿಂಗ್ ಹೋದಾಗ ಎರಚಿ ಬರೋದು ಖಂಡಿತ ಬೇಡ, ಅಲ್ಲಿ ಲಂಟಾನ ಹಬ್ಬಿರೋದೇ ಸಾಕು. ನನ್ನ ಡಬ್ಬೀಲಿ ಈಗ ಎರಡು ಚಮಚದಷ್ಟು ಬೀಜ ಬೂದಿ ಜೊತೆ ಇದೆ, ಅಣ್ಣನ ಏರುಮಡಿಗೆ ಅರ್ಧ, ನಮ್ಮ ಹಿತ್ತಲಿಗೆ ಅರ್ಧ. ಟೈಮರ್ ಇನ್ನೊಂದು ತಗೋಬೇಕು, ಅಣ್ಣನ ಪಂಪ್‌ಸೆಟ್ ಮನೆಯಿಂದ ಮಡಿಗೆ ಎಷ್ಟು ಮೀಟರ್ ವೈರ್ ಬೇಕು ಅಂತ ಅಳೆದು ಹೇಳೋಕೆ ಹೇಳಿದೀನಿ.